ಗುರಿ ಒಂದು, ದಾರಿ ಎರಡು

ನವೆಂಬರ್ ಒಂದನೆಯ ತಾರೀಖು ಬಂದಿತೆಂದರೆ ಹೊರನಾಡಿನ ಕನ್ನಡಿಗರಾದ ನಾವು ತಾಯಿ ಭುವನೇಶ್ವರಿಯ ಚಿತ್ರಕ್ಕೆ ಹೂಮಾಲೆ ಹಾಕಿ, ಏಕೀಕರಣಕ್ಕೆ ದುಡಿದ ಹಿರಿಯರೆಲ್ಲರನ್ನೂ ಒಂದೇ ಉಸಿರಿನಲ್ಲಿ ನೆನೆದು ಕೈಮುಗಿಯುತ್ತೇವೆ. ನಮ್ಮ ಭಾಷಣಗಳಲ್ಲಿ ಆ ಮಹನೀಯರೆಲ್ಲ ಒಂದೇ ಮನಸ್ಸಿನವರಾಗಿ ಒಂದೇ ಸಾಲಿನಲ್ಲಿ ನಡೆದವರಂತೆ ತೋರುತ್ತಾರೆ. ಆದರೆ ಇತಿಹಾಸವು ಹಾಗಿರಲಿಲ್ಲ. ಅವರು ಪರಸ್ಪರ ವಾದಿಸಿದರು, ಮುನಿಸಿಕೊಂಡರು, ಒಬ್ಬರ ಸಭೆಗೆ ಮತ್ತೊಬ್ಬರು ಅಡ್ಡಿಯಾದರು. ಹಾಗಿದ್ದೂ ನಾಡು ಒಂದಾಯಿತು. ಈ ಭಿನ್ನಾಭಿಪ್ರಾಯಗಳ ಕಥೆಯನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ. ಹೇಳಬೇಕಾದುದು ಅವಶ್ಯವೆಂದು ನಮಗೆ ತೋರುತ್ತದೆ.

ಕನ್ನಡದ ಕೂಗಿಗೆ ಮೊದಲ ನೆಲೆಯಾದುದು ಧಾರವಾಡ. ರಾ. ಹ. ದೇಶಪಾಂಡೆಯವರು 1890ರಲ್ಲಿ ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ, ಚೆದುರಿದ ಜನಕ್ಕೆ ತಮ್ಮ ಹಿಂದಿನ ಹಿರಿಮೆಯನ್ನು ತೋರಿಸಿಕೊಟ್ಟರು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಗೊಂದರಂತೆ ಪ್ರಾಂತಸಮಿತಿಗಳನ್ನು ಒಪ್ಪಿತು. ಸರಕಾರವು ಕೊಡದ ಕರ್ನಾಟಕವು ಕಾಂಗ್ರೆಸ್ಸಿನ ಕಾಗದಪತ್ರದಲ್ಲಾದರೂ ಹುಟ್ಟಿತು.

ಭೇದದ ಬೀಜವೂ ಆಗಲೇ ಇತ್ತು. 1924ರಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅಲ್ಲಿಯೇ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ಅದರ ಅಧ್ಯಕ್ಷರು ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು. ಅವರು ಬ್ರಾಹ್ಮಣೇತರ ಚಳವಳಿಯ ಮುಂದಾಳು. ಕೆಲವು ವರ್ಷಗಳ ತರುವಾಯ ಕಾಂಗ್ರೆಸ್ಸಿನವರು ಕಾನೂನು ಮುರಿದು ಸೆರೆಮನೆ ಸೇರುತ್ತಿದ್ದ ಕಾಲದಲ್ಲಿ ಕಂಬಳಿಯವರು ಮುಂಬಯಿ ಪ್ರಾಂತದ ಮಂತ್ರಿಗಳಾಗಿದ್ದರು. ಒಬ್ಬರಿಗೆ ಸ್ವರಾಜ್ಯವೇ ಮೊದಲು. ಇನ್ನೊಬ್ಬರಿಗೆ ಹಿಂದುಳಿದ ಜಾತಿಗಳ ಮಕ್ಕಳಿಗೆ ಶಾಲೆಯೂ ನೌಕರಿಯೂ ಮೊದಲು. ಕನ್ನಡನಾಡು ಒಂದಾಗಬೇಕೆಂಬ ಮಾತಿನಲ್ಲಿ ಮಾತ್ರ ಇಬ್ಬರದೂ ಒಂದೇ ಸ್ವರ. ಒಂದು ವಿಷಯದಲ್ಲಿ ಎದುರಾಳಿಯಾದವನು ಎಲ್ಲ ವಿಷಯಗಳಲ್ಲಿಯೂ ಎದುರಾಳಿಯಾಗಬೇಕಿಲ್ಲವೆಂಬುದಕ್ಕೆ ಇದು ನಮ್ಮ ಮೊದಲ ಪಾಠ.

ಸ್ವಾತಂತ್ರ್ಯ ಬಂದಿತು; ಕರ್ನಾಟಕ ಬರಲಿಲ್ಲ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಕನ್ನಡಿಗರು ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. 1948ರ ಧಾರ್ ಆಯೋಗವು ಭಾಷಾವಾರು ಪ್ರಾಂತಗಳು ಬೇಡವೆಂದಿತು. 1949ರಲ್ಲಿ ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿಯವರ ಸಮಿತಿಯು ಆಂಧ್ರದ ವಿಷಯದಲ್ಲಿ ತುಸು ಬಾಗಿಲು ತೆರೆದು, ಉಳಿದವರಿಗೆ ಕಾಯಿರೆಂದಿತು. ಪೊಟ್ಟಿ ಶ್ರೀರಾಮುಲು 58 ದಿನಗಳ ಉಪವಾಸ ಮಾಡಿ 1952ರ ಡಿಸೆಂಬರ್ 15ರಂದು ಮದರಾಸಿನಲ್ಲಿ ಪ್ರಾಣಬಿಟ್ಟರು. ನಾಲ್ಕೇ ದಿನಗಳಲ್ಲಿ ಪ್ರಧಾನಿ ನೆಹರೂ ಅವರು ಆಂಧ್ರರಾಜ್ಯವನ್ನು ಘೋಷಿಸಿದರು. 1953ರ ಆರಂಭದಲ್ಲಿ ಹೈದರಾಬಾದಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವೂ ಆಂಧ್ರಕ್ಕೆ ಹೂಂಗುಟ್ಟಿತು. ಕರ್ನಾಟಕಕ್ಕೆ ಒಪ್ಪಿಗೆ ಕೊಡಲಿಲ್ಲ. ತಾಳ್ಮೆಯಿಂದಿದ್ದವರಿಗೆ ಬರಿಗೈ, ಹಟ ಹಿಡಿದವರಿಗೆ ರಾಜ್ಯವೆಂಬ ಮಾತು ಹುಬ್ಬಳ್ಳಿ ಧಾರವಾಡಗಳ ಸಂತೆಬೀದಿಗಳಲ್ಲಿ ಹಬ್ಬಿದ್ದರೆ ಆಶ್ಚರ್ಯವೇನು?

ಇಲ್ಲಿಂದ ಮುಂದೆ ಒಂದೇ ಮನೆಯವರು ಇಬ್ಭಾಗವಾದರು. ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿಗೆ ಆಗ ಶ್ರೀ ಎಸ್. ನಿಜಲಿಂಗಪ್ಪನವರು ಅಧ್ಯಕ್ಷರು. ಏಕೀಕರಣದಲ್ಲಿ ಅವರ ಶ್ರದ್ಧೆಯನ್ನು ಶಂಕಿಸುವಂತಿರಲಿಲ್ಲ. ಆದರೆ ಪಕ್ಷದ ಶಿಸ್ತನ್ನು ಮೀರದೆ, ದಿಲ್ಲಿಯ ನಾಯಕರ ಮನವೊಲಿಸಿ, ರಾಜ್ಯವನ್ನು ಪಡೆಯಬೇಕೆಂಬುದು ಅವರ ಕಡೆಯ ನಿಲುವು. ಶಾಸಕರು ರಾಜೀನಾಮೆ ಕೊಟ್ಟರೆ ಶಾಸನಸಭೆಯಲ್ಲಿ ಕನ್ನಡದ ದನಿಯೇ ಉಡುಗುವುದು. ದೊಂಬಿಯಾದರೆ ಭಾಷಾವಾರು ಪ್ರಾಂತಗಳಿಂದ ದೇಶ ಒಡೆಯುತ್ತದೆನ್ನುವವರಿಗೆ ನಾವೇ ಸಾಕ್ಷ್ಯ ಒದಗಿಸಿದಂತಾಗುವುದು. ಇದು ಆ ನಿಲುವಿನ ತಿರುಳು. ಇದಕ್ಕೆ ಇನ್ನೊಂದು ಕಡೆಯವರ ಉತ್ತರವೂ ಹಗುರವಾದುದಲ್ಲ. ಮೂವತ್ತು ವರ್ಷಗಳಿಂದ ನಿರ್ಣಯಗಳನ್ನು ಕಳಿಸಿದ್ದಾಯಿತು, ನಿರ್ಣಯಕ್ಕೆ ಬೆಲೆಯಿದ್ದರೆ ಎಂದೋ ರಾಜ್ಯ ಬರಬೇಕಾಗಿತ್ತು. ಮುಂಬಯಿಯಲ್ಲಿ ಮರಾಠಿಗರ ಗುಜರಾತಿಗಳ ನಡುವೆ, ಮದರಾಸಿನಲ್ಲಿ ತಮಿಳರ ತೆಲುಗರ ನಡುವೆ ಅಲ್ಪಸಂಖ್ಯಾತರಾಗಿ ಕುಳಿತ ನಮ್ಮ ಶಾಸಕರ ದನಿಯನ್ನು ಕೇಳಿದವರಾರು?

ಮಾತು ಕೃತಿಗಿಳಿಯಿತು. ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯ ಸದಸ್ಯತ್ವವನ್ನು ತೊರೆದು ತಮ್ಮೂರಾದ ಜಕ್ಕಲಿಯಲ್ಲಿ ಉಪವಾಸಕ್ಕೆ ಕುಳಿತರು. ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು 1953ರ ಮಾರ್ಚ್ ಕೊನೆಯಲ್ಲಿ ಆರಂಭಿಸಿದ ಉಪವಾಸವು 23 ದಿನ ನಡೆಯಿತು. ಸುತ್ತಲಿನ ಹಳ್ಳಿಗಳ ಒಕ್ಕಲು ಮಕ್ಕಳು ತಮ್ಮವನೊಬ್ಬ ಕೃಶನಾಗುತ್ತಿರುವುದನ್ನು ಕಣ್ಣಾರೆ ಕಂಡರು. ವಕೀಲರ, ಪಂಡಿತರ ಚಳವಳಿಯೆನಿಸಿದ್ದ ಏಕೀಕರಣವು ಒಕ್ಕಲಿಗನ ಮನೆಯಂಗಳಕ್ಕೆ ಬಂದುದು ಹೀಗೆ.

ಏಪ್ರಿಲ್ 19ರಂದು ಪ್ರದೇಶ ಕಾಂಗ್ರೆಸ್ಸಿನ ಸಭೆ ಹುಬ್ಬಳ್ಳಿಯಲ್ಲಿ ಸೇರಿತು. ಸಾವಿರಾರು ಜನ ನೆರೆದು, ಕಾಂಗ್ರೆಸ್ ಶಾಸಕರು ರಾಜೀನಾಮೆ ಕೊಡಲೇಬೇಕೆಂದು ಪಟ್ಟು ಹಿಡಿದರು. ಜನರ ಸಹನೆ ಕಟ್ಟೆಯೊಡೆಯಿತು, ಗಲಭೆಯಾಯಿತು. ಅನೇಕರು ಗಾಯಗೊಂಡರು, ಅನೇಕರು ಬಂಧಿತರಾದರು. ಅಂದು ಮುತ್ತಿಗೆಗೊಳಗಾದವರೂ ಮುತ್ತಿಗೆ ಹಾಕಿದವರೂ ಇಬ್ಬರೂ ಏಕೀಕರಣವಾದಿಗಳೇ ಎಂಬುದನ್ನು ನಾವು ಮರೆಯಬಾರದು. ಆ ವರ್ಷವೇ ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತು ಹುಟ್ಟಿ, ಕಾಂಗ್ರೆಸ್ಸಿನ ಹೊರಗೆ ನಿಂತು ಸತ್ಯಾಗ್ರಹದ ದಾರಿ ಹಿಡಿಯಿತು. 1953ರ ಡಿಸೆಂಬರಿನಲ್ಲಿ ಭಾರತ ಸರಕಾರವು ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು.

ಯಾರು ಗೆದ್ದರು? ಬೀದಿಯ ಕೂಗಿಲ್ಲದಿದ್ದರೆ ದಿಲ್ಲಿಗೆ ಅವಸರವಾಗುತ್ತಿರಲಿಲ್ಲ. ಒಳಗೆ ಕುಳಿತು ಲೆಕ್ಕಪತ್ರ, ನಕ್ಷೆಗಳನ್ನು ಹಿಡಿದು ವಾದಿಸುವವರಿಲ್ಲದಿದ್ದರೆ ಆ ಕೂಗು ಬರಿಯ ಕೂಗಾಗಿಯೇ ಉಳಿಯುತ್ತಿತ್ತು. ಒಂದು ಬಂಡಿಗೆ ಎರಡು ಗಾಲಿಗಳಂತೆ ಎರಡೂ ಬೇಕಾದವು.

ಇನ್ನು ಮೈಸೂರಿನ ಕಡೆ ನೋಡಿದರೆ ಭೇದವು ದಾರಿಯದಷ್ಟೇ ಅಲ್ಲ, ಗುರಿಯದೂ ಆಗಿತ್ತು. ಶಿವನಸಮುದ್ರದ ವಿದ್ಯುತ್ತು 1902ರಿಂದ, ವಿಶ್ವವಿದ್ಯಾನಿಲಯ 1916ರಿಂದ, ಭದ್ರಾವತಿಯ ಕಬ್ಬಿಣದ ಕಾರಖಾನೆ 1923ರಿಂದ. ಹೀಗೆ ಸುವ್ಯವಸ್ಥಿತವಾಗಿದ್ದ ಮೈಸೂರಿಗೆ ಹಿಂದುಳಿದ ಜಿಲ್ಲೆಗಳ ಹೊರೆ ಏಕೆಂದು ಅಲ್ಲಿನ ಅನೇಕ ಗಣ್ಯರು ಕೇಳಿದರು. ಹೊಸ ರಾಜ್ಯದಲ್ಲಿ ಒಕ್ಕಲಿಗರ ಪ್ರಾಬಲ್ಯ ಕುಗ್ಗಿ ಲಿಂಗಾಯತರ ಪ್ರಾಬಲ್ಯ ಹೆಚ್ಚೀತೆಂಬ ಅಂಜಿಕೆಯೂ ಇತ್ತು. ಆಯೋಗದ ವರದಿಯಲ್ಲಿಯೇ ಆ ಪ್ರಸ್ತಾಪ ಬಂದಿದೆ. ಎರಡು ಕನ್ನಡ ರಾಜ್ಯಗಳಿರಲಿ ಎಂದವರೂ ಉಂಟು. ಇಂಥ ಸ್ಥಿತಿಯಲ್ಲಿ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಪಕ್ಷದ, ತಮ್ಮ ಜನಾಂಗದ ಅನೇಕರ ಮನಸ್ಸಿಗೆ ವಿರೋಧವಾಗಿ ಏಕೀಕರಣದ ಪರ ನಿಂತರು. ವಿರೋಧಪಕ್ಷದಲ್ಲಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರೂ ಈ ಒಂದು ಮಾತಿನಲ್ಲಿ ಅದೇ ಪಕ್ಕದಲ್ಲಿದ್ದರು. ಆದರೆ 1956ರ ಆಗಸ್ಟಿನಲ್ಲಿ ಕೆಂಗಲ್ ಅವರು ಅಧಿಕಾರ ಬಿಡಬೇಕಾಯಿತು. ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಅದರ ಮೊದಲ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪನವರು. ವಿಧಾನಸೌಧವನ್ನು ಕಟ್ಟಿಸಿದವರು ಒಬ್ಬರು, ಅಲ್ಲಿ ಕುಳಿತು ಆಳಿದವರು ಮತ್ತೊಬ್ಬರು.

ವಿರೋಧಿಸಿದವರೆಲ್ಲ ನಾಡದ್ರೋಹಿಗಳೆಂದು ಹೇಳುವುದು ಸುಲಭ; ನ್ಯಾಯವಲ್ಲ. ಬೀದರ, ಗುಲ್ಬರ್ಗಾ, ರಾಯಚೂರುಗಳ ಹಿಂದುಳಿದಿರುವಿಕೆ ಒಂದು ದಿನದಲ್ಲಿ ನೀಗುವಂಥದಲ್ಲವೆಂಬ ಅವರ ಎಚ್ಚರಿಕೆ ಸುಳ್ಳಾಗಲಿಲ್ಲ. ಆ ಪ್ರದೇಶಕ್ಕಾಗಿ 2012ರಲ್ಲಿ ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಬೇಕಾಗಿ ಬಂದುದೇ ಅದಕ್ಕೆ ಸಾಕ್ಷಿ. ಆದರೆ ಹೊರೆ ಭಾರವೆಂದು ಅಣ್ಣನು ತಮ್ಮನನ್ನು ಹೊರಗೆ ನಿಲ್ಲಿಸಲಾಗದು. ಈ ವಾದವೇ ಕೊನೆಗೆ ಗೆದ್ದುದು ನಮ್ಮ ಪುಣ್ಯ.

ಗೆಲುವಿನಲ್ಲಿಯೂ ನೋವುಳಿಯಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆಗಳು ಹೊರಗುಳಿದವು. ಬಳ್ಳಾರಿಯ ಕೆಲವು ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂಬ ಆಯೋಗದ ಶಿಫಾರಸು ಜಾರಿಗೆ ಬರದೆ ಉಳಿದುದೊಂದು ಸಮಾಧಾನ. ಹೆಸರಿನ ವಿಷಯದಲ್ಲಿಯೂ ಮೈಸೂರೋ ಕರ್ನಾಟಕವೋ ಎಂಬ ವಾದ ಹದಿನೇಳು ವರ್ಷ ನಡೆದು, 1973ರ ನವೆಂಬರ್ 1ರಂದು ದೇವರಾಜ ಅರಸರ ಆಡಳಿತದಲ್ಲಿ ನಾಡಿಗೆ ಕರ್ನಾಟಕವೆಂಬ ಹೆಸರು ಬಂದಿತು.

ಊರು ಬಿಟ್ಟು ಊರಿಗೆ ಬಂದ ನಮ್ಮ ಸಂಘಗಳಲ್ಲಿಯೂ ಧಾರವಾಡದವರು, ಮಂಗಳೂರಿನವರು, ಮೈಸೂರಿನವರು, ಕಲಬುರ್ಗಿಯವರು ಒಂದೇ ಜಮಖಾನೆಯ ಮೇಲೆ ಕೂಡುತ್ತೇವೆ. ಶಾಲೆಗೆ ಹಣವೋ ನಾಟಕಕ್ಕೆ ಹಣವೋ, ಮನವಿಪತ್ರವೋ ಧರಣಿಯೋ ಎಂದು ವಾದ ಹುಟ್ಟುತ್ತದೆ. ಹುಟ್ಟಲಿ. ವಾದಕ್ಕೆ ಹೆದರಿ ಮೌನವಾದ ಸಂಘಕ್ಕಿಂತ ವಾದಿಸಿ ಕೆಲಸಕ್ಕೆ ಏಳುವ ಸಂಘವೇ ಮೇಲು. ಭಿನ್ನಮತವಿಟ್ಟವನ ನಿಷ್ಠೆಯನ್ನು ಶಂಕಿಸದಿರುವುದು, ಮತ ಎಣಿಸಿದ ಮೇಲೆ ಕುರ್ಚಿ ಮಡಚಲು ಇಬ್ಬರೂ ಕೈಹಾಕುವುದು, ಇಷ್ಟಿದ್ದರೆ ಸಾಕು. ಹುಬ್ಬಳ್ಳಿಯಲ್ಲಿ ಎದುರುಬದುರಾಗಿ ನಿಂತವರು ಕಟ್ಟಿಕೊಟ್ಟ ರಾಜ್ಯದ ಹಬ್ಬವನ್ನು ನಾವಿಂದು ಆಚರಿಸುತ್ತಿದ್ದೇವೆ. ದೀಪ ಹಚ್ಚುವಾಗ ಎರಡೂ ಸಾಲಿನವರನ್ನು ನೆನೆಯೋಣ.