ಸೈಗಾನಿನಲ್ಲಿ ನಮ್ಮ ಸಿಪಾಯಿಗಳು

ವಿಯೆಟ್ನಾಮಿನ ಚರಿತ್ರೆಯನ್ನು ಓದುವಾಗಲೆಲ್ಲ ನಾನು ಒಂದು ಪುಟದಲ್ಲಿ ತಡೆದು ನಿಲ್ಲುತ್ತೇನೆ. 1945ರ ಸೆಪ್ಟೆಂಬರ್ 2ರಂದು ಹನೋಯಿಯಲ್ಲಿ ಹೊ ಚಿ ಮಿನ್ ಸ್ವಾತಂತ್ರ್ಯವನ್ನು ಸಾರಿದರು. ಅಮೆರಿಕದ 1776ರ ಘೋಷಣೆಯನ್ನೇ ಸಾಕ್ಷಿಗೆ ಕರೆದರು. ಅದೇ ತಿಂಗಳು, ಜಪಾನೀಯರ ಶಸ್ತ್ರಗಳನ್ನು ಒಪ್ಪಿಸಿಕೊಳ್ಳಲೆಂದು ಸೈಗಾನಿಗೆ ಬಂದಿಳಿದದ್ದು ಬ್ರಿಟಿಷ್ ಜನರಲ್ ಗ್ರೇಸಿಯ 20ನೆಯ ಇಂಡಿಯನ್ ಡಿವಿಷನ್! ಗ್ರೇಸಿ ಸೆರೆಯಲ್ಲಿದ್ದ ಫ್ರೆಂಚ್ ಸೈನಿಕರಿಗೆ ಬಂದೂಕು ಕೊಡಿಸಿದ. 23ರಂದು ಅವರು ನಗರವನ್ನು ಕೈವಶ ಮಾಡಿಕೊಂಡರು. ಸೋತ ಜಪಾನೀಯರನ್ನೂ ವಿಯೆಟ್‌ಮಿನ್ ಪಡೆಗಳ ಮೇಲೆ ಛೂ ಬಿಟ್ಟದ್ದುಂಟು. ಸ್ವತಃ ಪರಾಧೀನರಾದ ನಮ್ಮವರು ಪರರ ದಾಸ್ಯಕ್ಕೆ ಕಾವಲು ನಿಂತರು. ನೆಹರೂ ಆಗಲೇ ಖಂಡಿಸಿದರು, ನಿಜ. ಆದರೆ ಆಜ್ಞೆ ನಮ್ಮ ಕೈಯಲ್ಲಿರಲಿಲ್ಲವಲ್ಲ!

1946ರಲ್ಲಿ ಆ ಪಡೆ ಮರಳಿತು, ಫ್ರೆಂಚರು ಉಳಿದರು. ಅವರನ್ನು ಕದಲಿಸಲು 1954ರ ದಿಯೆನ್ ಬಿಯೆನ್ ಫು ಕಾಳಗವೇ ಬೇಕಾಯಿತು. ಆ ವರ್ಷ ಜಿನೀವಾ ಒಪ್ಪಂದದ ಮೇಲ್ವಿಚಾರಣಾ ಆಯೋಗದ ಅಧ್ಯಕ್ಷತೆ ಭಾರತಕ್ಕೆ ಬಂತು. ನಮ್ಮವರು ಮತ್ತೆ ಅದೇ ನೆಲಕ್ಕೆ ಇಳಿದರು.