ಕರುಳಿನಿಂದ ಮಿದುಳಿಗೆ: ಎದೆಹಾಲಿನ ಬೆಳವಣಿಗೆಯ ಅಂಶಗಳ ಹಾದಿ

ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದರು. ಎರಡು ವಾರಕ್ಕೆ ತೆರೆಯಬೇಕಿದ್ದ ಕಣ್ಣುಗಳು ಒಂದೇ ವಾರಕ್ಕೆ ತೆರೆದವು. 1962ರಲ್ಲಿ ಅವರು ವರದಿ ಮಾಡಿದ ಆ ಪ್ರೋಟೀನೇ ಇಂದಿನ ‘ಇಜಿಎಫ್’ (ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್) ಎಂಬ ಬೆಳವಣಿಗೆಯ ಅಂಶ. ನರಗಳನ್ನು ಬೆಳೆಸುವ ‘ಎನ್‌ಜಿಎಫ್’ ಅನ್ನು ಅದಕ್ಕೂ ಮೊದಲೇ ಗುರುತಿಸಿದ್ದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಕೋಹೆನ್ 1986ರ ನೊಬೆಲ್ ಹಂಚಿಕೊಂಡರು. ಎರಡೂ ಅಂಶಗಳು ತಾಯಿಯ ಹಾಲಿನಲ್ಲಿವೆ. ಹಾಗಾದರೆ ಅವು ಮಗುವಿನ ಮಿದುಳನ್ನೂ ಮುಟ್ಟುತ್ತವೆಯೇ?

ಮೊದಲ ಅಡ್ಡಿ ಜಠರ. ಆದರೆ ಹಸುಗೂಸಿನ ಜಠರದಲ್ಲಿ ಆಮ್ಲವೂ ಕಡಿಮೆ, ಪ್ರೋಟೀನ್ ಅರಗಿಸುವ ಕಿಣ್ವಗಳೂ ಕಡಿಮೆ. ಕೇವಲ 53 ಅಮೈನೋ ಆಮ್ಲಗಳ ಇಜಿಎಫ್ ಮೂರು ಗಂಧಕದ ಬೆಸುಗೆಗಳಿಂದ ಗಟ್ಟಿಯಾಗಿರುವುದರಿಂದ ಬಹುಮಟ್ಟಿಗೆ ಇಡಿಯಾಗಿಯೇ ಕರುಳು ಸೇರುತ್ತದೆ.

ಕರುಳಿನ ಗೋಡೆಯಲ್ಲಿ ಪ್ರಾಣಿಗೂ ಮನುಷ್ಯನಿಗೂ ದಾರಿ ಕವಲೊಡೆಯುತ್ತದೆ. ಹಾಲುಣ್ಣುವ ಇಲಿಮರಿಯ ಕರುಳಿನ ಕೋಶಗಳು ಎನ್‌ಜಿಎಫ್ ಅನ್ನು ಒಳಗೆಳೆದುಕೊಂಡು, ಒಂದು ಪಾಲನ್ನು ಅರಗಿಸಿ, ಇನ್ನೊಂದು ಪಾಲನ್ನು ಆಚೆಗೆ ದಾಟಿಸುವುದು 1986ರ ಅಧ್ಯಯನದಲ್ಲಿ ಕಂಡಿತು. ಇಲಿಯಲ್ಲಿ ಈ ಬಾಗಿಲು ಮೂರನೆಯ ವಾರಕ್ಕೆ ಮುಚ್ಚುತ್ತದೆ. ಕರುವಿನಲ್ಲಿ ಅದು ತೆರೆದಿರುವುದು ಸುಮಾರು ಒಂದು ದಿನ. ಗಿಣ್ಣುಹಾಲನ್ನು ಹುಟ್ಟಿದ ಕೂಡಲೇ ಕುಡಿಸಬೇಕೆನ್ನುವುದು ಇದಕ್ಕೇ. ಮನುಷ್ಯನ ಮಗುವಿನಲ್ಲಿ ಅದು ಬಹುಪಾಲು ಹುಟ್ಟುವ ಮೊದಲೇ ಮುಚ್ಚಿರುತ್ತದೆ. ನಮ್ಮ ರಕ್ತಕ್ಕೆ ತಾಯಿಯ ಪ್ರತಿಕಾಯಗಳು ಮುಖ್ಯವಾಗಿ ಮಾಸಿನ ಮೂಲಕ ಬರುತ್ತವೆ.

ಅವಧಿಗೆ ಮುನ್ನ ಹುಟ್ಟಿದ ಕೂಸಿನ ಸ್ಥಿತಿ ಬೇರೆ. ಎದೆಹಾಲು ಕುಡಿದ ಇಂಥ ಶಿಶುಗಳ ಮೂತ್ರದಲ್ಲಿ ತಾಯಿಯ ಹಾಲಿನ ಪ್ರೋಟೀನ್ ಲ್ಯಾಕ್ಟೊಫೆರಿನ್ ಸಿಕ್ಕಿದೆ. ಇಜಿಎಫ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ದೊಡ್ಡದಾದ ಆ ಪ್ರೋಟೀನ್ ಕರುಳು ದಾಟಿ ರಕ್ತಕ್ಕೆ ಬಂದಿತ್ತು ಎಂಬುದಕ್ಕೆ ಇದು ಬಲವಾದ ಸಾಕ್ಷಿ.

ರಕ್ತಕ್ಕೆ ಬಂದ ಮಾತ್ರಕ್ಕೆ ಮಿದುಳು ಸಿಕ್ಕಂತಲ್ಲ. ಮಿದುಳಿನ ರಕ್ತನಾಳಗಳ ಬಿಗಿಯಾದ ತಡೆ ಭ್ರೂಣದಲ್ಲೇ ಕಟ್ಟಿಕೊಳ್ಳುತ್ತದೆ. ಇಜಿಎಫ್ ಮತ್ತು ಹಾಲಿನ ಇನ್ನೊಂದು ಬೆಳವಣಿಗೆಯ ಅಂಶವಾದ ಐಜಿಎಫ್-1 ಅದನ್ನು ವಾಹಕಗಳ ನೆರವಿನಿಂದ ದಾಟಬಲ್ಲವು ಎಂಬುದು ಪ್ರಾಣಿಗಳಲ್ಲಿ ಕಂಡದ್ದು. ಆದರೆ ಐಜಿಎಫ್-1 ಬೆರೆಸಿದ ಫಾರ್ಮುಲಾ ಹಾಲನ್ನು ಅವಧಿಪೂರ್ವ ಶಿಶುಗಳಿಗೆ ಕೊಟ್ಟ ಪ್ರಯೋಗದಲ್ಲಿ ರಕ್ತದಲ್ಲಿ ಅದರ ಪ್ರಮಾಣ ಏರಲಿಲ್ಲ. ಎರಡನೆಯ ವಾರಕ್ಕೆ ಕರುಳಿನ ಸೋರಿಕೆ ಮಾತ್ರ ತಗ್ಗಿತು.

ಈ ಫಲಿತಾಂಶಕ್ಕೆ ಹೆಚ್ಚು ಬೆಲೆ ಕೊಡಬೇಕು. ಮನುಷ್ಯ ಶಿಶುವಿನಲ್ಲಿ ಈ ಅಂಶಗಳು ಮೊದಲು ದುಡಿಯುವುದು ಕರುಳಿಗಾಗಿಯೇ. ಕರುಳು ಕೊಳೆಯುವ ‘ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್’ನಿಂದ ಬದುಕುಳಿದ ಮಕ್ಕಳಲ್ಲಿ ಮಿದುಳಿನ ಬೆಳವಣಿಗೆ ಕುಂಠಿತವಾಗುವ ಅಪಾಯ ಹೆಚ್ಚು, ಎದೆಹಾಲು ಆ ರೋಗವನ್ನೇ ಕಡಿಮೆ ಮಾಡುತ್ತದೆ. ಇಲಿಮರಿಯ ಫಲಿತಾಂಶ ತೋರಿಸಿ ಡಬ್ಬಿಹಾಲಿಗೆ ಬುದ್ಧಿವರ್ಧಕವೆಂಬ ಹೆಸರು ಅಂಟಿಸುವುದು ತಾಯಂದಿರಿಗೆ ಮಾಡುವ ಅನ್ಯಾಯ. ದಾನದ ಹಾಲೂ ತಾಯಿಯ ಹಾಲಿಗೆ ಸಮವಲ್ಲ: ರೋಗಾಣುಗಳನ್ನು ಕೊಲ್ಲಲು ಅದನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದಾಗ ಲ್ಯಾಕ್ಟೊಫೆರಿನ್ ಗಣನೀಯವಾಗಿ ಇಳಿಯುತ್ತದೆ. ಹೀಗಾಗಿ ತಾಯಿಯದೇ ಹಸಿ ಹಾಲು ಸಿಗುವಾಗ ನವಜಾತ ಶಿಶು ಘಟಕಗಳು ಅದನ್ನೇ ಮೊದಲು ಕೊಡುತ್ತವೆ.