ಸ್ಮಾರ್ಟ್‌ವಾಚ್‌ಗೆ ಮನೆ ವೈಫೈ ಸಿಗ್ತಿಲ್ವಾ? ಅಂಗಡಿಗೆ ಹೋಗುವ ಮೊದಲು ಇಷ್ಟು ನೋಡಿ

ಚಿತ್ರದುರ್ಗ: ಮೊಬೈಲ್‌ಗೆ ವೈಫೈ ಬರುತ್ತೆ, ಟಿವಿಗೂ ಬರುತ್ತೆ, ಕೈಗೆ ಕಟ್ಟಿದ ವಾಚ್‌ಗೆ ಮಾತ್ರ ಕನೆಕ್ಟ್ ಆಗಲ್ಲ. ಬಹಳಷ್ಟು ಸಲ ಇದು ವಾಚ್ ಕೆಟ್ಟಿರುವುದಲ್ಲ, ಸೆಟ್ಟಿಂಗ್ ಹೊಂದದಿರುವುದು. ಆದರೆ ಹಗುರವಾಗಿ ಬಿಡುವಂತೆಯೂ ಇಲ್ಲ. ವಯಸ್ಸಾದವರು ಬಿದ್ದರೆ ಮನೆಯವರಿಗೆ ಸುದ್ದಿ ಬರಲಿ ಅಂತ ವಾಚ್ ಕೊಡಿಸಿದ್ದರೆ, ಫೋನ್ ದೂರವಿದ್ದಾಗ ವೈಫೈಯೂ ಇಲ್ಲ, ಸಿಮ್ಮೂ ಇಲ್ಲ ಎಂದಾದರೆ ಆ ಸಂದೇಶ ಹೋಗುವುದೇ ಇಲ್ಲ.

ವಾಚ್‌ನಲ್ಲಿ ವೈಫೈ ಇದೆಯಾ?
ಕಡಿಮೆ ಬೆಲೆಯ ಬಹುತೇಕ ವಾಚ್‌ಗಳಲ್ಲಿ ಇರುವುದು ಬ್ಲೂಟೂತ್ ಮಾತ್ರ. ಡಬ್ಬಿ ಮೇಲೆ ವೈಫೈ ಅಥವಾ 802.11 ಎಂದು ಬರೆದಿಲ್ಲದಿದ್ದರೆ ಎಷ್ಟು ಹುಡುಕಿದರೂ ಸಿಗಲ್ಲ. ಕೊಳ್ಳುವಾಗಲೇ ಕೇಳಿ, ಮಾರುವವರೂ ಮೊದಲೇ ಹೇಳಿದರೆ ಆಮೇಲೆ ಜಗಳ ಇರಲ್ಲ.

ಬ್ಲೂಟೂತ್ ಆಫ್ ಮಾಡಿ ನೋಡಿ
ಫೋನ್ ಪಕ್ಕದಲ್ಲೇ ಇದ್ದರೆ ಆಪಲ್ ವಾಚ್ ಮತ್ತು ವೇರ್ ಓಎಸ್ ವಾಚ್‌ಗಳು ಬ್ಯಾಟರಿ ಉಳಿಸಲು ಬ್ಲೂಟೂತನ್ನೇ ಬಳಸುತ್ತವೆ. ಇದು ದೋಷವಲ್ಲ. ಫೋನಿನ ಬ್ಲೂಟೂತ್ ಆಫ್ ಮಾಡಿ ಒಂದೆರಡು ನಿಮಿಷ ಕಾಯಿರಿ. ಐಫೋನ್ ಆದರೆ ಸೆಟ್ಟಿಂಗ್ಸ್ ಒಳಗೆ ಹೋಗಿಯೇ ಆಫ್ ಮಾಡಬೇಕು.

2.4 ಮತ್ತು 5 ಗೊಂದಲ
ಹೆಚ್ಚಿನ ತೊಂದರೆ ಇಲ್ಲೇ. ಈಗಿನ ಫೈಬರ್ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್ ಬಿಡುತ್ತವೆ. ಅನೇಕ ವಾಚ್‌ಗಳು 2.4 ಮಾತ್ರ ಹಿಡಿಯುತ್ತವೆ. ವೈಫೈ ಹೆಸರಿನ ಕೊನೆಗೆ 5ಜಿ ಎಂದಿದ್ದರೆ ಅದು ಮೊಬೈಲ್ 5ಜಿ ಅಲ್ಲ, 5 ಗಿಗಾಹರ್ಟ್ಸ್ ಬ್ಯಾಂಡ್. ಇನ್ನೊಂದು ಹೆಸರಿಗೆ ಕನೆಕ್ಟ್ ಮಾಡಿ. ಎರಡಕ್ಕೂ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಇಡಲು ಕೇಬಲ್‌ನವರಿಗೆ ಹೇಳಿ. ಜತೆಗೆ ಸೆಕ್ಯುರಿಟಿ ಡಬ್ಲ್ಯೂಪಿಎ2 ಇರಲಿ. ಡಬ್ಲ್ಯೂಪಿಎ3 ಮಾತ್ರ ಇದ್ದರೆ ಹಳೇ ವಾಚ್ ಸೇರಲ್ಲ. 2.4ರ ಚಾನೆಲ್ 1, 6 ಅಥವಾ 11 ಇದ್ದರೆ ಒಳ್ಳೆಯದು. ಕೆಲವು ವಾಚ್‌ಗಳಿಗೆ 12, 13 ಕಾಣಿಸುವುದೇ ಇಲ್ಲ.

ಗೋಡೆ, ಕರೆಂಟ್
ಕೋಟೆ ಸುತ್ತಿನ ಹಳೇ ಮನೆಗಳ ದಪ್ಪ ಕಲ್ಲುಗೋಡೆ, ಹೊಸದುರ್ಗ ಕಡೆಯ ತೋಟದ ಮನೆಗಳ ದೂರ, ಎರಡೂ ಸಿಗ್ನಲ್ ತಿನ್ನುತ್ತವೆ. ಮೊದಲ ಸಲ ರೂಟರ್ ಪಕ್ಕದಲ್ಲೇ ನಿಂತು ಕನೆಕ್ಟ್ ಮಾಡಿ. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಪೂರ್ತಿ ಶುರುವಾಗಲು ಎರಡು-ಮೂರು ನಿಮಿಷ ಬಿಡಿ. ಪಾಸ್‌ವರ್ಡ್ ಬದಲಾಗಿದ್ದರೆ ಹಳೆಯದನ್ನು ವಾಚ್‌ನಿಂದ ಅಳಿಸಿ ಹೊಸದನ್ನು ಹಾಕಿ. ದೊಡ್ಡಕ್ಷರ, ಚಿಕ್ಕಕ್ಷರ ಗಮನಿಸಿ. ಲಾಡ್ಜ್, ಹಾಸ್ಟೆಲ್‌ಗಳಲ್ಲಿ ಮೊಬೈಲ್ ನಂಬರ್ ಕೇಳುವ ವೈಫೈ ಸಾಮಾನ್ಯವಾಗಿ ವಾಚ್‌ಗೆ ಒಗ್ಗಲ್ಲ.

ತಪ್ಪು ಯಾರದು?
ಮನೆಯ ಇನ್ನೊಬ್ಬರ ಫೋನಿನಲ್ಲಿ 2.4 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಆನ್ ಮಾಡಿ. ವಾಚ್ ಅದಕ್ಕೆ ಸೇರಿದರೆ ತೊಂದರೆ ರೂಟರ್‌ನದು. ಸೇರದಿದ್ದರೆ ವಾಚ್ ಆಫ್ ಮಾಡಿ ಆನ್ ಮಾಡಿ, ಸಾಫ್ಟ್‌ವೇರ್ ಅಪ್‌ಡೇಟ್ ನೋಡಿ. ಫ್ಯಾಕ್ಟರಿ ರೀಸೆಟ್ ಕಟ್ಟಕಡೆಗೆ ಇರಲಿ. ಫೋನಿಗೆ ಸಿಂಕ್ ಆಗದ ಹೃದಯ ಬಡಿತ, ನಿದ್ದೆ, ನಡಿಗೆಯ ದಾಖಲೆ ಅಳಿಸಿದರೆ ವಾಪಸ್ ಬರಲ್ಲ.

ಎಚ್ಚರ ಇರಲಿ
ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡಬೇಡಿ, ನಕಲಿ ನಂಬರ್‌ಗಳಿರುತ್ತವೆ. ಡಬ್ಬಿ ಅಥವಾ ಕಂಪನಿ ಆ್ಯಪ್‌ನಲ್ಲಿರುವ ನಂಬರೇ ಬಳಸಿ. ಒಟಿಪಿ ಕೇಳಿದರೆ, ಸ್ಕ್ರೀನ್ ಹಂಚುವ ಆ್ಯಪ್ ಹಾಕಿ ಅಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ವೈಫೈ ಇದೆ ಅಂತ ಹೇಳಿ ಇಲ್ಲದ ವಾಚ್ ಮಾರಿದ್ದರೆ, ವಾರಂಟಿ ಇದ್ದೂ ರಿಪೇರಿ ಮಾಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲೂ ಬಗೆಹರಿಯದಿದ್ದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ 2 ವರ್ಷದೊಳಗೆ ದೂರು ಸಲ್ಲಿಸಬೇಕು. 5 ಲಕ್ಷ ರೂ.ವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಹಿರಿಯೂರು, ಹೊಳಲ್ಕೆರೆಯಲ್ಲಿ ಕೊಂಡರೂ ಬಿಲ್ ಮಾತ್ರ ಬಿಡದೆ ಕೇಳಿ ಪಡೆಯಿರಿ.